ಧರ್ಮಾಸ್ಪತ್ರೆಯ ಸೀಸೆ, ಅಂಗಡಿಯ ಚೀಟಿ

ಹಳೆಯ ಮೈಸೂರು ಸೀಮೆಯ ಹಿರಿಯರ ಬಾಯಲ್ಲಿ ಸರ್ಕಾರಿ ಆಸ್ಪತ್ರೆಗೆ ಇದ್ದ ಹೆಸರು ಧರ್ಮಾಸ್ಪತ್ರೆ. ಅಲ್ಲಿಗೆ ಹೋಗುವವರು ಮನೆಯಿಂದ ಒಂದು ಖಾಲಿ ಸೀಸೆ ಒಯ್ಯುತ್ತಿದ್ದರು. ಡಾಕ್ಟರು ಚೀಟಿ ಬರೆದರೆ ಕಾಂಪೌಂಡರು ದೊಡ್ಡ ಜಾಡಿಯಿಂದ ಔಷಧಿ ಸುರಿದು, ಹೊತ್ತಿಗೆ ಎಷ್ಟು ಕುಡಿಯಬೇಕೆಂದು ಹೇಳಿ ಕಳುಹಿಸುತ್ತಿದ್ದ. ಬಣ್ಣದ ನೀರು ಎಂದು ಜನ ಗೇಲಿ ಮಾಡುತ್ತಿದ್ದುದೂ ಉಂಟು. ಆದರೂ ಡಾಕ್ಟರು ಮತ್ತು ಔಷಧಿ ಒಂದೇ ಸೂರಿನಡಿ ಸಿಗುತ್ತಿದ್ದವು. ರೋಗಿ ಮತ್ತೊಂದು ಅಂಗಡಿಯ ಮುಂದೆ ನಿಲ್ಲಬೇಕಿರಲಿಲ್ಲ.

ಈ ವ್ಯವಸ್ಥೆಯ ಹಿಂದೆ ಅರಮನೆಯ ಆಸರೆ ಇತ್ತು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಆಡಳಿತದಲ್ಲಿ, 1897ರಲ್ಲಿ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಬಿತ್ತು. 1900ರಲ್ಲಿ ವೈಸರಾಯ್ ಲಾರ್ಡ್ ಕರ್ಜನ್ ಅದನ್ನು ಉದ್ಘಾಟಿಸಿದರು. ಹಾಗೆಂದು ಆ ಕಾಲವನ್ನು ಸುವರ್ಣಯುಗ ಎನ್ನುವುದು ತಪ್ಪಾದೀತು. ದೊಡ್ಡ ಆಸ್ಪತ್ರೆಗಳಿದ್ದುದು ಪಟ್ಟಣಗಳಲ್ಲಿ. ಹಳ್ಳಿಯವನಿಗೆ ಖರ್ಚು ಕಡಿಮೆಯಿದ್ದುದಕ್ಕೆ ಚಿಕಿತ್ಸೆಯೇ ಕಡಿಮೆಯಿದ್ದುದೂ ಒಂದು ಕಾರಣ.

ಹಣವಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು ಇಡೀ ದೇಶಕ್ಕೆ ಅನ್ವಯಿಸುವಂತೆ ಹೇಳಿದ್ದು ಸರ್ ಜೋಸೆಫ್ ಭೋರ್ ಸಮಿತಿ. 1943ರಲ್ಲಿ ನೇಮಕಗೊಂಡ ಈ ಸಮಿತಿಯ ವರದಿ 1946ರಲ್ಲಿ ಬಂತು. ಸ್ವತಂತ್ರ ಭಾರತ ಅದನ್ನು ಗೌರವದಿಂದ ಓದಿತು, ಆದರೆ ಅದಕ್ಕೆ ಬೇಕಾದ ಹಣವನ್ನು ತೆಗೆದಿಡಲಿಲ್ಲ. ಆರೋಗ್ಯಕ್ಕೆ ಸರ್ಕಾರಗಳು ಮಾಡುವ ವೆಚ್ಚ ದಶಕಗಟ್ಟಲೆ ರಾಷ್ಟ್ರೀಯ ಉತ್ಪನ್ನದ ಶೇಕಡಾ 1ರ ಆಸುಪಾಸಿನಲ್ಲೇ ಉಳಿಯಿತು. ಕಾರ್ಖಾನೆ ಕಾರ್ಮಿಕರಿಗೆ 1948ರ ಇ.ಎಸ್.ಐ. ಕಾಯಿದೆ ಬಂತು, ಕೇಂದ್ರದ ನೌಕರರಿಗೆ 1954ರಲ್ಲಿ ಪ್ರತ್ಯೇಕ ಯೋಜನೆ ಬಂತು. ತಿಂಗಳ ಸಂಬಳವಿಲ್ಲದ ರೈತ, ಕೂಲಿಕಾರ, ನೇಕಾರ ಹೊರಗೇ ಉಳಿದರು. ಸರ್ಕಾರಿ ಆಸ್ಪತ್ರೆಗಳಲ್ಲೂ ಔಷಧಿ ಸಾಲದೆ ‘ಹೊರಗಿನಿಂದ ತನ್ನಿ’ ಎಂಬ ಚೀಟಿ ರೂಢಿಯಾಯಿತು. ಅದನ್ನು ಹಿಡಿದು ಹೊರಟವರಲ್ಲಿ ಎಷ್ಟೋ ಮಂದಿ ಔಷಧಿ ಅಂಗಡಿಗೆ ಹೋಗುವ ಮುನ್ನ ಗಿರವಿ ಅಂಗಡಿಯ ಮೆಟ್ಟಿಲು ಹತ್ತಿದರು.

ಕರ್ನಾಟಕದಲ್ಲಿ ಇದಕ್ಕೊಂದು ಉತ್ತರ ಹುಡುಕುವ ಪ್ರಯತ್ನ ನಡೆದದ್ದು ಯಶಸ್ವಿನಿಯ ರೂಪದಲ್ಲಿ. 2003ರಲ್ಲಿ ಸೇವೆ ಆರಂಭಿಸಿದ ಈ ಯೋಜನೆಯ ಹಿಂದೆ ಹೃದ್ರೋಗ ತಜ್ಞ ಡಾ. ದೇವಿಪ್ರಸಾದ್ ಶೆಟ್ಟಿಯವರ ಲೆಕ್ಕಾಚಾರವೂ ರಾಜ್ಯದ ಸಹಕಾರ ಇಲಾಖೆಯ ದುಡಿಮೆಯೂ ಇದ್ದವು. ಲೆಕ್ಕ ಸರಳ. ಒಂದು ಕಡೆ ಖಾಸಗಿ ಆಸ್ಪತ್ರೆಗಳಲ್ಲಿ ಹಾಸಿಗೆಗಳು ಖಾಲಿ, ಇನ್ನೊಂದು ಕಡೆ ದುಡ್ಡಿಲ್ಲದೆ ಶಸ್ತ್ರಚಿಕಿತ್ಸೆ ಮುಂದೂಡುವ ರೈತ. ಲಕ್ಷಾಂತರ ಜನ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕೊಟ್ಟರೆ, ಅವರಲ್ಲಿ ಶಸ್ತ್ರಚಿಕಿತ್ಸೆ ಬೇಕಾಗುವ ಕೆಲವರ ವೆಚ್ಚ ಅದರಲ್ಲಿ ಹುಟ್ಟುತ್ತದೆ. ಸರ್ಕಾರವೂ ತನ್ನ ಪಾಲು ಸೇರಿಸಿತು. ಹಣ ಕೂಡಿಸಿದ್ದು ಊರೂರಿನ ಸಹಕಾರ ಸಂಘಗಳು. ವಿಮಾ ಕಂಪನಿಯ ಏಜೆಂಟನನ್ನು ಕಂಡರೆ ಅನುಮಾನಪಡುವ ರೈತನಿಗೆ ತನ್ನೂರಿನ ಸೊಸೈಟಿಯ ಕಾರ್ಯದರ್ಶಿ ಪರಿಚಿತ. ಮೊದಲ ವರ್ಷವೇ ಸುಮಾರು 16 ಲಕ್ಷ ಮಂದಿ ಸೇರಿದರು. ಎರಡನೆಯ ವರ್ಷ ಸಂಖ್ಯೆ 20 ಲಕ್ಷ ಮುಟ್ಟಿತು.

ಮೂರನೆಯ ವರ್ಷ ವಂತಿಗೆಯನ್ನು 120 ರೂಪಾಯಿಗೆ ಏರಿಸಿದಾಗ ಸದಸ್ಯರ ಸಂಖ್ಯೆ 15 ಲಕ್ಷದ ಆಸುಪಾಸಿಗೆ ಇಳಿಯಿತು. ಪಟ್ಟಣದವರಿಗೆ ಒಂದು ಹೊತ್ತಿನ ಊಟದ ಬೆಲೆಯಾಗಿ ಕಂಡ ವ್ಯತ್ಯಾಸ, ಮನೆಮಂದಿಯ ತಲೆಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕುವ ಕುಟುಂಬಕ್ಕೆ ಹಾಗೆ ಕಾಣಲಿಲ್ಲ.

ಯಶಸ್ವಿನಿಯ ಮಿತಿಯೂ ಅದರ ಲೆಕ್ಕದಲ್ಲೇ ಅಡಗಿತ್ತು. ಅದು ಮುಖ್ಯವಾಗಿ ಶಸ್ತ್ರಚಿಕಿತ್ಸೆಯ ಯೋಜನೆ. ಮುಂದೆ ಹಾವು ಕಡಿತ, ಎತ್ತಿನ ತಿವಿತ, ವಿದ್ಯುತ್ ಆಘಾತದಂಥ ಹೊಲದ ಅವಘಡಗಳೂ ಸೇರಿದವು (ಪಟ್ಟಿ ಮಾಡಿದವರಿಗೆ ಒಕ್ಕಲುತನದ ಪರಿಚಯ ಇತ್ತೆನ್ನಬೇಕು). ಆದರೆ ವಾರಗಟ್ಟಲೆ ಕಾಡುವ ಜ್ವರ, ಸಕ್ಕರೆ ಕಾಯಿಲೆಯ ಮಾತ್ರೆ, ಮತ್ತೆ ಮತ್ತೆ ಮಾಡಿಸುವ ರಕ್ತಪರೀಕ್ಷೆ ಹೊರಗುಳಿದವು. 2010ರಲ್ಲಿ ಬಂದ ವಾಜಪೇಯಿ ಆರೋಗ್ಯಶ್ರೀಯೂ ದೊಡ್ಡ ಕಾಯಿಲೆಗಳ ಕಡೆಗೇ ನೋಡಿತು. 2018ರಲ್ಲಿ ಈ ಯೋಜನೆಗಳೆಲ್ಲ ಆರೋಗ್ಯ ಕರ್ನಾಟಕದಲ್ಲಿ ಒಂದಾದವು. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಬೆಸೆದು, ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷಣೆ ಬಂತು. ಸಹಕಾರಿ ಸದಸ್ಯರ ಒತ್ತಾಯಕ್ಕೆ ಯಶಸ್ವಿನಿ 2022ರಲ್ಲಿ ಮರುಹುಟ್ಟು ಪಡೆಯಿತು.

ಈ ಯೋಜನೆಗಳು ಎಷ್ಟೋ ಮನೆಗಳನ್ನು ಉಳಿಸಿವೆ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಹಳ್ಳಿಯ ರೋಗಿಯೊಬ್ಬ ಖಾಸಗಿ ಆಸ್ಪತ್ರೆಗೆ ಒಮ್ಮೆ ದಾಖಲಾದರೆ ತಗಲುವ ಸರಾಸರಿ ವೆಚ್ಚ 27,000 ರೂಪಾಯಿ ದಾಟಿತ್ತು; ಸರ್ಕಾರಿ ಆಸ್ಪತ್ರೆಯಲ್ಲಿ ಅದು 4,000 ರೂಪಾಯಿಗಿಂತ ಸ್ವಲ್ಪ ಹೆಚ್ಚು. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ನೇರವಾಗಿ ಕೈಯಿಂದ ಕೊಡುವ ಪಾಲು 2013-14ರಲ್ಲಿ ಶೇ. 64.2 ಇದ್ದದ್ದು 2021-22ರ ಹೊತ್ತಿಗೆ ಶೇ. 39.4ಕ್ಕೆ ಇಳಿಯಿತೆಂದು ಸರ್ಕಾರದ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಆ ಕೊನೆಯ ವರ್ಷ ಕೋವಿಡ್ ಕಾಲದ್ದು, ಸರ್ಕಾರಗಳು ಎಂದಿಗಿಂತ ಹೆಚ್ಚು ಖರ್ಚು ಮಾಡಿದ ಕಾಲ ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಜನರ ಕೈಯಿಂದ ಹೋಗುವ ಹಣದ ದೊಡ್ಡ ಭಾಗ ಹಾಸಿಗೆಯ ಬಾಡಿಗೆಗೂ ಶಸ್ತ್ರಚಿಕಿತ್ಸೆಗೂ ಅಲ್ಲ, ಔಷಧಿಗೆ ಹೋಗುತ್ತದೆ. ಆಸ್ಪತ್ರೆಯಲ್ಲಿ ಮಲಗಿದಾಗ ಕಾರ್ಡು ಕೆಲಸ ಮಾಡುತ್ತದೆ. ಎದ್ದು ಮನೆಗೆ ಬಂದ ಮೇಲೆ ತಿಂಗಳು ತಿಂಗಳೂ ನುಂಗುವ ಮಾತ್ರೆಗೆ ಅದು ಬಾರದು. ಜೊತೆಗೆ ಬಸ್ ಚಾರ್ಜು, ಜೊತೆಗೆ ಬಂದವರ ಊಟ, ಕಳೆದುಕೊಂಡ ಕೂಲಿ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಒಮ್ಮೆಗೇ ಬರುವ ದೊಡ್ಡ ಖರ್ಚಿಗೆ ನೆಂಟರಿಷ್ಟರು ಕೈಗಡ ಕೊಟ್ಟಾರು. ಪ್ರತಿ ತಿಂಗಳೂ ಬೇಕಾಗುವ ಕೆಲವು ನೂರು ರೂಪಾಯಿಗೆ ಯಾರನ್ನು ಕೇಳುವುದು? ಆಗ ಎರಡು ಹೊತ್ತಿನ ಮಾತ್ರೆ ಒಂದು ಹೊತ್ತಿಗೆ ಇಳಿಯುತ್ತದೆ, ಆಮೇಲೆ ನಿಲ್ಲುತ್ತದೆ. ಹೀಗೆ ನಿಂತ ಮಾತ್ರೆಯೇ ಒಂದು ದಿನ ಲಕ್ವ ಹೊಡೆದ ರೋಗಿಯಾಗಿ ಆಸ್ಪತ್ರೆಗೆ ಬರುತ್ತದೆ. ಆಗ ಕಾರ್ಡು ಕೆಲಸ ಮಾಡುತ್ತದೆ.

ನೆರೆಯ ತಮಿಳುನಾಡು 2021ರಲ್ಲಿ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮನೆಬಾಗಿಲಿಗೇ ತಲುಪಿಸಲು ಆರಂಭಿಸಿತು. ಕರ್ನಾಟಕದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರ ಜಿಲ್ಲೆಯಿಂದ ಹೊರಟಿತು. ಇದರಲ್ಲಿ ಆರೋಗ್ಯ ಸಿಬ್ಬಂದಿ ಮನೆಮನೆಗೆ ಹೋಗಿ ತಪಾಸಣೆ ಮಾಡುತ್ತಾರೆ, ಕಾಯಿಲೆ ಕಂಡವರಿಗೆ ಮಾತ್ರೆಯನ್ನು ಉಚಿತವಾಗಿ ಕೊಡುತ್ತಾರೆ. ಸೀಸೆ ಹಿಡಿದು ಧರ್ಮಾಸ್ಪತ್ರೆಗೆ ನಡೆದವರ ಮೊಮ್ಮಕ್ಕಳು ಈಗ ಅರವತ್ತು ದಾಟಿದ್ದಾರೆ. ಆ ಮಾತ್ರೆ ಬೇಕಾದವರಲ್ಲಿ ಅವರೂ ಇದ್ದಾರೆ.