ತಾವೇ ಅಚ್ಚು ಹಾಕಿಸಿಕೊಂಡವರು

ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲಿ 'ರೈಟರು' ಎಂದರೆ ಕಥೆ ಕಾದಂಬರಿ ಬರೆಯುವವರೆಂದು ಯಾರೂ ತಿಳಿಯುವುದಿಲ್ಲ. ಆಳುಗಳ ಹಾಜರಿ ಬರೆಯುವ ಗುಮಾಸ್ತರಿಗೆ ಇಲ್ಲಿ ಆ ಹೆಸರು. ಬಾಬಾಬುಡನ್‌ಗಿರಿಯ ತಪ್ಪಲಿನಿಂದ ಮೂಡಿಗೆರೆ, ಕಳಸದವರೆಗೂ ಕಾಫಿ ಹಣ್ಣು ಕೊಯ್ಯುವ ಕೆಲಸದಲ್ಲಿ ಹೆಂಗಸರದೇ ಮೇಲುಗೈ. ಆದರೆ ತೋಟದ ಕಾಗದಪತ್ರಗಳಲ್ಲಿ ಅವರನ್ನು ಹುಡುಕಿಕೊಂಡು ಹೊರಟರೆ ಸಿಕ್ಕುವುದು ಹಾಜರಿ ಪುಸ್ತಕದ ಒಂದು ಸಾಲು. ಆ ಸಾಲೂ ಇನ್ನೊಬ್ಬರ ಕೈಬರಹ.

ಈ ಗುಡ್ಡಗಳ ಚರಿತ್ರೆ ಬರೆಯಹೊರಟವರಿಗೆ ಕಾಗದಕ್ಕೇನೂ ಬರವಿಲ್ಲ. ಬಾಬಾಬುಡನ್ ಅವರು ಮೆಕ್ಕಾ ಯಾತ್ರೆಯಿಂದ ಮರಳುವಾಗ ಏಳು ಕಾಫಿ ಬೀಜ ತಂದರೆಂಬ ಐತಿಹ್ಯವನ್ನು ಎಷ್ಟೋ ಪುಸ್ತಕಗಳು ಹೇಳಿವೆ. ನೆರೆಯ ಮಂಜರಾಬಾದಿನ ಸೀಮೆಯಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ ಎಂಬ ದೊರೆ ತನ್ನ ಅನುಭವಗಳನ್ನು 1871ರಲ್ಲೊಮ್ಮೆ, 1894ರಲ್ಲಿ ಮತ್ತೊಮ್ಮೆ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ತೋಟದ ಮಾಲೀಕರೆಲ್ಲ ಸೇರಿ 1893ರಲ್ಲಿ 'ಉಪಾಸಿ' ಎಂಬ ಸಂಘ ಕಟ್ಟಿದರು. 1906ರಲ್ಲಿ 'ಪ್ಲಾಂಟರ್ಸ್ ಕ್ರಾನಿಕಲ್' ಎಂಬ ತಮ್ಮದೇ ಪತ್ರಿಕೆಯನ್ನೂ ಹೊರಡಿಸಿದರು. ಹೀಗೆ ದೊರೆಗಳಿಗೆ ಪತ್ರಿಕೆಯಿತ್ತು, ಲೈನ್‌ಮನೆಯ ಹೆಂಗಸಿಗೆ ಇರಲಿಲ್ಲ. ಅವಳಿಗೆ ಹೇಳುವುದಕ್ಕೆ ಏನೂ ಇರಲಿಲ್ಲವೆಂದು ಇದರ ಅರ್ಥವಲ್ಲ. ಹಾಡು, ಕತೆ, ಮೇಸ್ತ್ರಿಯ ಮೇಲಿನ ಬೈಗುಳ ಎಲ್ಲವೂ ಅವಳ ನಾಲಗೆಯ ಮೇಲಿದ್ದವು. ಕಾಗದಕ್ಕೆ ಮಾತ್ರ ಇಳಿಯಲಿಲ್ಲ.

ಅಮೆರಿಕದ 'ಝೀನ್'ಗಳ ಚರಿತ್ರೆಯನ್ನು ಓದುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಈ ಹಾಜರಿ ಪುಸ್ತಕವೇ. 'ಮ್ಯಾಗಝೀನ್' ಎಂಬ ಶಬ್ದದ ತಲೆ ಕತ್ತರಿಸಿ ಬಾಲವನ್ನಷ್ಟೇ ಉಳಿಸಿಕೊಂಡ ಹೆಸರು ಅದು. ಬರೆಯುವವರೇ ಸಂಪಾದಕರು, ಅವರೇ ಮುದ್ರಕರು, ಹಂಚುವವರೂ ಅವರೇ. ನಮ್ಮ ಹಾಸ್ಟೆಲ್ಲುಗಳ ಕೈಬರಹದ ಪತ್ರಿಕೆಯನ್ನೋ ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳನ್ನೋ ಕಂಡವರಿಗೆ ಇದು ಹೊಸದಲ್ಲ. ಆದರೆ ಅಲ್ಲಿನ ಬಿಳಿಯರಲ್ಲದ ಹೆಂಗಸರೂ, ಹೆಣ್ಣನ್ನೇ ಪ್ರೀತಿಸಿದ ಹೆಂಗಸರೂ, ಗಂಡನ್ನೇ ಪ್ರೀತಿಸಿದ ಗಂಡಸರೂ ಇದನ್ನು ಹವ್ಯಾಸಕ್ಕಾಗಿ ಕೈಗೆತ್ತಿಕೊಳ್ಳಲಿಲ್ಲ. ಬಿಳಿಯರ ಪತ್ರಿಕೆ ಅವರ ಬಣ್ಣ ನೋಡಿ ಬಾಗಿಲು ಹಾಕಿದರೆ, ಅವರದೇ ಜನದ ಮರ್ಯಾದಸ್ಥರು ಅವರ ಪ್ರೀತಿ ನೋಡಿ ಬಾಗಿಲು ಹಾಕಿದರು. ಎರಡು ಬಾಗಿಲೂ ಮುಚ್ಚಿದ ಮೇಲೆ ಉಳಿಯುವುದು ತಾವೇ ಮಾಡಿಕೊಂಡ ಹಾಳೆ.

1926ರ ನವೆಂಬರಿನಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಕೇರಿಯ ಕರಿಯ ತರುಣರು 'ಫೈರ್' ಎಂಬ ಪತ್ರಿಕೆಯನ್ನು ಹೊರಡಿಸಿದರು. ಸಂಪಾದಕ ವಾಲೆಸ್ ಥರ್ಮನ್. ಜೊತೆಗೆ ಜೋರಾ ನೀಲ್ ಹರ್ಸ್ಟನ್, ಲ್ಯಾಂಗ್‌ಸ್ಟನ್ ಹ್ಯೂಸ್ ಮೊದಲಾದವರು. ಗಂಡು ಗಂಡನ್ನು ಬಯಸುವ ಕತೆಯೊಂದನ್ನು ರಿಚರ್ಡ್ ಬ್ರೂಸ್ ನ್ಯೂಜೆಂಟ್ ಮುಚ್ಚುಮರೆಯಿಲ್ಲದೆ ಅದರಲ್ಲಿ ಬರೆದ. ಹಿರಿಯರು ಮೂಗು ಮುರಿದರು. ಒಂದೇ ಸಂಚಿಕೆ ಬಂತು. ಉಳಿದ ಪ್ರತಿಗಳಲ್ಲಿ ಬಹುಪಾಲು ಬೆಂಕಿಗೆ ಆಹುತಿಯಾದವು. ಪತ್ರಿಕೆಯ ಹೆಸರೂ 'ಬೆಂಕಿ' ಆಗಿತ್ತೆಂಬುದನ್ನು ನೆನೆದರೆ ವಿಧಿಗೂ ಹಾಸ್ಯಪ್ರಜ್ಞೆ ಇದೆಯೆನ್ನಬೇಕು. ಸಾಲ ತೀರಿಸುವುದರಲ್ಲಿ ಥರ್ಮನ್ ವರ್ಷಗಟ್ಟಲೆ ಹೈರಾಣಾದ. ಮುಂದೆ 1977ರಿಂದ 1983ರವರೆಗೆ ಅದೇ ನಗರದಲ್ಲಿ 'ಸಾಲ್ಸಾ ಸೋಲ್ ಸಿಸ್ಟರ್ಸ್' ಎಂಬ ಕೂಟದ ಹೆಂಗಸರು 'ಅಝೇಲಿಯಾ' ಎಂಬ ಪತ್ರಿಕೆ ನಡೆಸಿದರು. 1980ರಲ್ಲಿ ಆಡ್ರಿ ಲಾರ್ಡ್ ಮತ್ತು ಬಾರ್ಬರಾ ಸ್ಮಿತ್ ಬಿಳಿಯರಲ್ಲದ ಹೆಂಗಸರಿಗಾಗಿ ಪ್ರಕಾಶನವೊಂದನ್ನು ಹೂಡಿ ಅದಕ್ಕೆ 'ಅಡಿಗೆಮನೆಯ ಮೇಜು' ಎಂಬರ್ಥದ ಹೆಸರಿಟ್ಟರು. ಹೆಂಗಸರು ದುಡಿಯುವುದೂ ಮಾತಾಡಿಕೊಳ್ಳುವುದೂ ಅಲ್ಲಿಯೇ ತಾನೆ! ಇನ್ನೂ ಈಚೆಗೆ, 1997ರಲ್ಲಿ, ವಿಯೆಟ್ನಾಮಿನಿಂದ ನಿರಾಶ್ರಿತಳಾಗಿ ಬಂದ ಮಿಮಿ ಥಿ ನ್ಯೂಯೆನ್ ಎಂಬಾಕೆ ಇಂಥ ಬರಹಗಳ ಸಂಕಲನವೊಂದನ್ನು ತಾನೇ ಹೊರತಂದಳು. ಸ್ತ್ರೀಸ್ವಾತಂತ್ರ್ಯವಾದಿಗಳೆಂದು ಹೇಳಿಕೊಳ್ಳುವ ಬಿಳಿಯ ತರುಣಿಯರ ನಡುವೆಯೂ ತಮ್ಮಂಥವರು ಹೊರಗಿನವರೇ ಎಂಬುದು ಅದರ ತಕರಾರು.

ಇಂಥದು ನಮ್ಮಲ್ಲಿ ಇತ್ತೆ? ಅದೇ ರೂಪದಲ್ಲಿ ಹುಡುಕಿದರೆ ಸಿಕ್ಕದು. ಬಾಗಿಲು ಮುಚ್ಚಿದ ಕಡೆಗಳಲ್ಲಿ ಹುಡುಕಿದರೆ ಸಿಕ್ಕುತ್ತದೆ. ನಾನು ಮೊದಲು ಹೋಗಿ ನಿಲ್ಲುವುದು ನಂಜನಗೂಡಿನ ಒಂದು ಮನೆಯ ಮುಂದೆ.

ತಿರುಮಲಾಂಬ ಅವರು ಹುಟ್ಟಿದ್ದು 1887ರಲ್ಲಿ. ಹತ್ತನೆಯ ವಯಸ್ಸಿಗೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಅಂದಿನ ಬ್ರಾಹ್ಮಣ ವಿಧವೆಯ ಬಾಳು ಹೇಗಿರುತ್ತಿತ್ತೆಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ನಮ್ಮ ಅಜ್ಜಿಯರ ಕಾಲದವರೆಗೂ ಮನೆಯ ಮೂಲೆಗಳಲ್ಲಿ ಅದನ್ನು ಕಂಡವರಿದ್ದರು. ವಕೀಲರಾಗಿದ್ದ ತಂದೆ ಮಗಳ ಓದಿಗೆ ಅಡ್ಡಿ ಬರಲಿಲ್ಲ, ಒತ್ತಾಸೆಯಾಗಿ ನಿಂತರು. ಆಕೆ ಓದಿದರು, ಬರೆದರು. ಇಷ್ಟಾದರೆ ಕತೆ ಮುಗಿಯುತ್ತಿತ್ತು: ಬರೆದದ್ದು ಪೆಟ್ಟಿಗೆಯಲ್ಲಿ ಉಳಿದು ಗೆದ್ದಲಿಗೆ ಸೇರುತ್ತಿತ್ತು. ಆದರೆ ಆಕೆ 'ಸತೀ ಹಿತೈಷಿಣೀ' ಎಂಬ ಗ್ರಂಥಮಾಲೆಯನ್ನು ತಾವೇ ಆರಂಭಿಸಿದರು. 1913ರಲ್ಲಿ 'ಸುಶೀಲೆ' ಎಂಬ ಕಾದಂಬರಿ ಹೊರಬಂತು. ಅದಕ್ಕೆ ಮರುಮುದ್ರಣಗಳ ಭಾಗ್ಯ ಬಂದದ್ದು ಕನ್ನಡದಲ್ಲಿ ಓದುವ ಹೆಂಗಸರು ಇದ್ದರೆಂಬುದಕ್ಕೆ ಸಾಕ್ಷಿ. ಆಮೇಲೆ ಹೆಂಗಸರಿಗಾಗಿ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು, ಇನ್ನೂ ಮುಂದೆ 'ಸನ್ಮಾರ್ಗದರ್ಶಿ'ಯನ್ನು. ಲೇಖಕಿ, ಸಂಪಾದಕಿ, ಪ್ರಕಾಶಕಿ ಮೂರೂ ಒಬ್ಬರೇ.

ಇಲ್ಲಿ ಒಂದು ಸಂಗತಿಯನ್ನು ನಮ್ಮ ಸಾಹಿತ್ಯ ಚರಿತ್ರಕಾರರು ಸಾಕಷ್ಟು ಗಮನಿಸಿಲ್ಲವೆಂದು ನನ್ನ ಎಣಿಕೆ. ಅದೇ ಕಾಲದಲ್ಲಿ ಉತ್ತರ ಕರ್ನಾಟಕದಲ್ಲಿ ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಆ ಶ್ರಮವನ್ನು ನಾವು ಇಂದಿಗೂ ಕೈಮುಗಿದು ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಹೊತ್ತು ತಿರುಗುವ ಸ್ವಾತಂತ್ರ್ಯವಾದರೂ ಅವರಿಗೆ ಇತ್ತು. ನಂಜನಗೂಡಿನ ವಿಧವೆ ಪುಸ್ತಕದ ಗಂಟು ಹೊತ್ತು ಪೇಟೆಬೀದಿಗೆ ಇಳಿಯುವಂತಿರಲಿಲ್ಲ. ಹೊಸಿಲು ದಾಟಲಾರದವರಿಗೆ ಗ್ರಂಥಮಾಲೆ, ಚಂದಾ, ಟಪಾಲು ಇವೇ ಕಾಲುಗಳಾದವು. ಪತ್ರಿಕೆ ಮನೆಯಿಂದ ಹೊರಟು ಇನ್ನೊಂದು ಮನೆಯ ಒಳಕ್ಕೆ ಹೋಗುತ್ತಿತ್ತು. ಓದುವವಳೂ ಬಹುಶಃ ಹೊಸಿಲೊಳಗಿನವಳೇ. ಆಕೆಯ ಬರವಣಿಗೆಗಿಂತ ಈ ಏರ್ಪಾಡೇ ದೊಡ್ಡ ಸಾಹಸವೆಂದು ನಾನು ಹೇಳುವೆನು.

ಬರವಣಿಗೆಯ ವಿಚಾರವಾಗಿ ಮೊಗಮಾಟವಿಲ್ಲದೆ ಹೇಳಬೇಕು. 'ಸುಶೀಲೆ' ಬಂಡಾಯದ ಕೃತಿಯಲ್ಲ. ಪಾತಿವ್ರತ್ಯ, ಸಹನೆ, ಸನ್ನಡತೆ ಇವುಗಳ ಗುಣಗಾನ ಅದರಲ್ಲಿ ಹೇರಳ. ಗ್ರಂಥಮಾಲೆಗೆ ಇಟ್ಟ ಹೆಸರನ್ನೇ ನೋಡಿ: ಪತಿಯಿಲ್ಲದ ಹೆಂಗಸು ಸತಿಯರ ಹಿತವನ್ನು ಹಾರೈಸುತ್ತಾಳೆ! ಇಂದಿನ ಓದುಗಳು ಇದನ್ನು ಕಂಡು ಬೇಸರಪಟ್ಟರೆ ತಪ್ಪೆನ್ನಲಾರೆ. ಆದರೆ ಪುಸ್ತಕ ಏನು ಹೇಳುತ್ತದೆಂಬುದು ಒಂದು, ಪುಸ್ತಕ ಇದೆಯೆಂಬುದು ಇನ್ನೊಂದು. ಶುಭಕಾರ್ಯಗಳಲ್ಲಿ ಎದುರಿಗೆ ಬರಬಾರದೆಂದು ಸಮಾಜ ಕಟ್ಟುಮಾಡಿದ್ದ ಒಬ್ಬಾಕೆಯ ಹೆಸರು ಮುಖಪುಟದ ಮೇಲೆ ಅಚ್ಚಾಗಿ ನೂರಾರು ಮನೆಗಳ ಒಳಗೆ ಹೋಯಿತು. ಬೋಧನೆಯ ಮಾತು ಮೆತ್ತಗಿದ್ದುದರಿಂದಲೇ ಹೋಗಲು ದಾರಿ ಸಿಕ್ಕಿತೋ ಏನೋ. ಬಾಲವಿಧವೆಯೇ ಆಗಿದ್ದ ಆರ್. ಕಲ್ಯಾಣಮ್ಮನವರು ಬೆಂಗಳೂರಿನಿಂದ 'ಸರಸ್ವತಿ' ಮಾಸಪತ್ರಿಕೆಯನ್ನು ಹಲವು ದಶಕ ನಡೆಸಿದರು. ಇಬ್ಬರೂ ವಿಧವೆಯರೆಂಬುದು ಆಕಸ್ಮಿಕವಲ್ಲ. ಸಂಸಾರ ಕೈಬಿಟ್ಟವರಿಗೆ ಸಮಯವಿತ್ತು. ಅದರ ಜೊತೆಗೆ, ತಮ್ಮ ಮಾತಿಗೆ ಬೇರೆಲ್ಲಿಯೂ ಎಡೆಯಿಲ್ಲವೆಂಬ ಅರಿವೂ ಇತ್ತು.

ತಿರುಮಲಾಂಬ ಅವರು ಬರಹ ನಿಲ್ಲಿಸಿ ಮದರಾಸಿಗೆ ಹೋಗಿ ನೆಲಸಿದರು. ಕನ್ನಡ ಲೋಕ ಅವರನ್ನು ಮರೆತೇಬಿಟ್ಟಿತು. ಅವರು ತೀರಿಕೊಂಡದ್ದು 1982ರಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ. ಅಂದರೆ ನವೋದಯ, ಪ್ರಗತಿಶೀಲ, ನವ್ಯ ಎಂದು ನಾವು ಪಂಥಗಳ ಹೆಸರಿನಲ್ಲಿ ಜಗಳವಾಡುತ್ತಿದ್ದಷ್ಟು ಕಾಲವೂ ಕನ್ನಡದ ಈ ಮೊದಲ ಪ್ರಕಾಶಕಿ ಬದುಕಿಯೇ ಇದ್ದರು! ಅವರ ಹೆಸರನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಪ್ರಾಧ್ಯಾಪಕಿ ಸಿ. ಎನ್. ಮಂಗಳಾ ಅವರು ಮುಖ್ಯರು. ಹೆಂಗಸನ್ನು ಹುಡುಕಿಕೊಂಡು ಹೋದವರೂ ಹೆಂಗಸೇ ಎಂಬುದನ್ನು ಗಮನಿಸಬೇಕು.

ಆಕೆ ಬ್ರಾಹ್ಮಣ ವಿಧವೆ. ಮನೆಯಲ್ಲಿ ಅಕ್ಷರವಿತ್ತು, ತಂದೆಯ ಬೆಂಬಲವಿತ್ತು. ಅಷ್ಟೂ ಇಲ್ಲದವರ ಪಾಡೇನು? ಕಾಸರಗೋಡಿನ ಸಾರಾ ಅಬೂಬಕ್ಕರ್ (1936–2023) ಅವರ ಮನೆಮಾತು ಕನ್ನಡವಲ್ಲ. ಅವರ ಸಮುದಾಯದಲ್ಲಿ ಆಗ ಹೆಣ್ಣುಮಕ್ಕಳು ಶಾಲೆಯ ಓದು ಮುಗಿಸುವುದೇ ಅಪರೂಪ. ಅವರ 'ಚಂದ್ರಗಿರಿಯ ತೀರದಲ್ಲಿ' 1981ರಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂತು. ತಲಾಖಿನ ಕ್ರೌರ್ಯವನ್ನು ಒಳಗಿನವಳೇ ಬಿಚ್ಚಿ ಹೇಳಿದ್ದನ್ನು ಸಮುದಾಯದ ಕೆಲವು ಯಜಮಾನರು ಸಹಿಸಲಿಲ್ಲ. ಇತ್ತ ಹೊರಗಿನ ಕೆಲವರು ಅದನ್ನು ಮುಸಲ್ಮಾನರನ್ನು ಹಳಿಯುವುದಕ್ಕೆ ಒದಗಿದ ಸರಕೆಂದುಕೊಂಡರು. ಹಾರ್ಲೆಮಿನವರು ಕಂಡ ಎರಡು ಬಾಗಿಲುಗಳು ಇಲ್ಲಿಯೂ ಇದ್ದವು. ಲಂಕೇಶರು ಒಂದು ಬಾಗಿಲು ತೆರೆದುದು ನಿಜ, ಅದಕ್ಕೆ ಕನ್ನಡಿಗರು ಋಣಿಗಳು. ಆದರೂ 1994ರಲ್ಲಿ ಸಾರಾ ಅವರು ತಮ್ಮ ಊರಿನ ಹೊಳೆಯ ಹೆಸರಿನಲ್ಲಿ 'ಚಂದ್ರಗಿರಿ ಪ್ರಕಾಶನ'ವನ್ನು ಆರಂಭಿಸಿದರು. ಇನ್ನೊಬ್ಬರ ಚಾವಡಿ ಎಷ್ಟು ವಿಶಾಲವಾಗಿದ್ದರೇನು, ಬೀಗದ ಕೈ ನಮ್ಮ ಸೊಂಟದಲ್ಲಿ ಇರುವುದಿಲ್ಲವಷ್ಟೆ.

ಇದಕ್ಕೂ ಕಷ್ಟದ ಕತೆಯೊಂದಿದೆ. ಹಿಜಡಾ ಸಮುದಾಯದವರ ಬಗ್ಗೆ ಸರ್ಕಾರ ಇಡಹೊರಟ ಪುಸ್ತಕ ನಮ್ಮ ಹಾಜರಿ ಪುಸ್ತಕಕ್ಕಿಂತ ಕ್ರೂರವಾದದ್ದು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಅವರ ಹೆಸರು, ವಾಸಸ್ಥಳಗಳ ಪಟ್ಟಿ ಇಡಬೇಕೆಂದಿತು. ಪಟ್ಟಿಯಲ್ಲಿದ್ದವರು ಹೆಣ್ಣುಡುಗೆ ತೊಟ್ಟು ಬೀದಿಗೆ ಬಂದರೆ, ಕುಣಿದರೆ, ಅಪರಾಧವೆಂದಿತು. ಬ್ರಿಟಿಷರೊಂದಿಗೆ ಅದೂ ಹೋಯಿತೆಂದು ನೆಮ್ಮದಿಯಾಗಿರುವಂತಿಲ್ಲ. 2011ರಲ್ಲಿ ನಮ್ಮದೇ ರಾಜ್ಯದ ಪೊಲೀಸ್ ಕಾಯಿದೆಗೆ 36ಎ ಎಂಬ ಕಲಮು ಸೇರಿತು. ಅದರಲ್ಲಿಯೂ ಅಂಥದೇ ಪಟ್ಟಿಯ ಮಾತು! ಸಮುದಾಯದವರು ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ ಆ ಕಲಮಿನಿಂದ ಅವರನ್ನು ಹೆಸರಿಸುವ ಶಬ್ದವನ್ನು ತೆಗೆಯಲಾಯಿತು.

ಇವರ ಸ್ವಂತ ಕಾಗದಗಳು ಹುಟ್ಟಿದ್ದು ತಡವಾಗಿ. ಕಡಲಾಚೆಯ ಭಾರತೀಯರು ಮತ್ತು ನೆರೆಹೊರೆ ದೇಶಗಳವರು 1985ರಲ್ಲಿ 'ಅನಾಮಿಕಾ', 1986ರಲ್ಲಿ 'ತ್ರಿಕೋನ್' ಎಂಬ ಸಣ್ಣ ಪತ್ರಿಕೆಗಳನ್ನು ಅಮೆರಿಕದಲ್ಲಿ ಹೊರಡಿಸಿದರು. 1990ರಲ್ಲಿ ಮುಂಬಯಿಯಲ್ಲಿ ಅಶೋಕ್ ರಾವ್ ಕವಿ ಅವರು 'ಬಾಂಬೆ ದೋಸ್ತ್' ಆರಂಭಿಸಿದರು. ಇವೆಲ್ಲ ಇಂಗ್ಲಿಷ್ ಬಲ್ಲ ಪಟ್ಟಣಿಗರಿಗೆ ದಕ್ಕುವ ಹಾಳೆಗಳು. ಬೀದಿಯಲ್ಲಿ ಬದುಕುವವರ ಬವಣೆಯನ್ನು ನಮ್ಮ ರಾಜ್ಯದ ಪಿಯುಸಿಎಲ್ ಸಂಸ್ಥೆ 2001 ಮತ್ತು 2003ರ ವರದಿಗಳಲ್ಲಿ ದಾಖಲಿಸಿತು. ಇದಕ್ಕಿಂತ ಭಿನ್ನವಾದ ಕೆಲಸ ಎ. ರೇವತಿ ಅವರದು. ನಾಮಕ್ಕಲ್ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಹಿಜಡಾ ಮನೆಗಳಲ್ಲಿ ಬಾಳಿ, ಬೆಂಗಳೂರಿನ 'ಸಂಗಮ' ಸಂಸ್ಥೆಯಲ್ಲಿ ದುಡಿದ ಅವರು ಮೊದಲು ಬರೆದದ್ದು ತಮ್ಮ ಕತೆಯನ್ನಲ್ಲ. ತಮ್ಮಂಥ ಇತರರ ಬಳಿ ಕುಳಿತು, ಅವರ ಬಾಯಿಂದಲೇ ಅವರವರ ಬಾಳನ್ನು ಕೇಳಿ, 2004ರಲ್ಲಿ ತಮಿಳಿನಲ್ಲಿ ಒಂದು ಸಂಕಲನ ತಂದರು. ಅದೂ ಹೆಸರುಗಳ ಪಟ್ಟಿಯೇ. ಆದರೆ ಕೇಳಿದ್ದು, ಬರೆದದ್ದು ಒಳಗಿನವರು. ಆಮೇಲೆ ಬಂದದ್ದು ಆತ್ಮಕಥೆ. 2010ರಲ್ಲಿ ಅದು ಇಂಗ್ಲಿಷಿನಲ್ಲಿ ಹೊರಬಂತು. ಕನ್ನಡಕ್ಕೆ 'ಬದುಕು ಬಯಲು' ಎಂದು ತಂದವರು ಕವಿಯೂ ರಂಗಕಲಾವಿದೆಯೂ ಆದ ದು. ಸರಸ್ವತಿ. ಹೆಗ್ಗೋಡಿನ 'ಜನಮನದಾಟ' ತಂಡ ಅದನ್ನು ನಾಟಕವಾಗಿ ಆಡಿತು. ಅಕ್ಷರ ಬಾರದವರೂ ಕುಳಿತು ಕೇಳಬಹುದಾದ ಪುಸ್ತಕ ಅದಾಯಿತು.

ಇಂಥ ಕಾಗದಗಳ ಗತಿ ಮುಂದೇನಾಗುತ್ತದೆ ಎಂಬುದೇ ನನ್ನನ್ನು ಕಾಡುವ ಪ್ರಶ್ನೆ. ಸಂಘಗಳ ಪತ್ರಿಕೆ ರಟ್ಟು ಕಟ್ಟಿಸಿಕೊಂಡು ಬೀರುವಿನಲ್ಲಿ ಕೂರುತ್ತದೆ; ಬಡವರ ಹಾಳೆ ಕಡಲೆಪುರಿಯ ಪೊಟ್ಟಣವಾಗುತ್ತದೆ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಗ್ರಂಥಾಲಯ ಸುಮಾರು ಎರಡು ದಶಕಗಳ ಹಿಂದೆಯೇ ಹೆಂಗಸರ ಝೀನ್‌ಗಳನ್ನು, ಅದರಲ್ಲಿಯೂ ಬಿಳಿಯರಲ್ಲದವರವನ್ನು, ಹುಡುಕಿ ಸಂಗ್ರಹಿಸತೊಡಗಿತು. ಹಾಗೆ ನೋಡಿದರೆ ನಾವೂ ಕೈಕಟ್ಟಿ ಕುಳಿತಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 'ಕಮ್ರಾ' ಎಂಬ ದಾಖಲೆಗಳ ಸಂಗ್ರಹವಿದೆ. ಉರ್ದುವಿನಲ್ಲಿ ಆ ಮಾತಿಗೆ ಕೋಣೆಯೆಂದು ಅರ್ಥ. ಲೈಂಗಿಕ ಅಲ್ಪಸಂಖ್ಯಾತರ ಹೋರಾಟದ ಕಾಗದಗಳು, ಚಿತ್ರಗಳು, ಮಾತುಗಳು ಆ ಕೋಣೆಯಲ್ಲಿ ಸೇರುತ್ತಿವೆ. ಕಾನೂನು ಒಂದು ಕಾಲದಲ್ಲಿ ಯಾರ ಪಟ್ಟಿ ಇಟ್ಟಿತ್ತೋ ಅವರವೇ ಕಾಗದಗಳು, ಕಾನೂನು ಕಲಿಸುವ ಶಾಲೆಯೊಳಗೆ.