ಹರಿವ ನೀರು, ನಿಂತ ನೀರು: ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಅಸ್ಥಿ ವಿಸರ್ಜನೆಯ ಸಂಪ್ರದಾಯ

ಮರಣಾನಂತರದ ಆಚರಣೆಗಳನ್ನು ಕುರಿತ ಜಾನಪದ ಅಧ್ಯಯನಗಳು ಕನ್ನಡದಲ್ಲಿ ಸಾಕಷ್ಟು ನಡೆದಿವೆ. ಹಾಲುತುಪ್ಪ, ಸೂತಕ, ತಿಥಿ, ಹಿರಿಯರ ಪೂಜೆ ಮೊದಲಾದ ವಿಧಿಗಳು ಈ ಅಧ್ಯಯನಗಳಲ್ಲಿ ವಿವರವಾಗಿ ದಾಖಲಾಗಿವೆ. ಆದರೆ ಚಿತೆ ಆರಿದ ಮೇಲೆ ಆಯ್ದುಕೊಂಡ ಅಸ್ಥಿಯನ್ನು ಯಾವ ನೀರಿಗೆ ಬಿಡಬೇಕು, ಏಕೆ ಅದೇ ನೀರಿಗೆ ಬಿಡಬೇಕು ಎಂಬ ಪ್ರಶ್ನೆಯನ್ನು ಒಂದು ಸೀಮೆಯ ಭೂಗೋಳದೊಡನೆ ಇಟ್ಟು ನೋಡಿದ ಪ್ರಯತ್ನಗಳು ವಿರಳ. ಕಡಲಿನಿಂದ ಬಹು ದೂರವಿರುವ ಬಯಲುಸೀಮೆಯ ತುಮಕೂರು, ಗುಬ್ಬಿ ಮತ್ತು ಕುಣಿಗಲ್ ಪ್ರದೇಶಗಳನ್ನು ಆಧಾರವಾಗಿಟ್ಟುಕೊಂಡು ಆ ಪ್ರಶ್ನೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಅಸ್ಥಿ ವಿಸರ್ಜನೆ ಈ ಸೀಮೆಯ ಎಲ್ಲರ ಸಂಪ್ರದಾಯವಲ್ಲ. ವೀರಶೈವ ಲಿಂಗಾಯತರು ಮತ್ತು ಮುಸ್ಲಿಮರು ದೇಹವನ್ನು ಮಣ್ಣಿಗೆ ಒಪ್ಪಿಸುತ್ತಾರೆ. ಬೇಸಾಯಗಾರ ಸಮುದಾಯಗಳ ಅನೇಕ ಕುಟುಂಬಗಳಲ್ಲಿ ತಮ್ಮ ಹೊಲದ ಅಂಚಿನಲ್ಲೇ ಹೂಳುವ ರೂಢಿಯಿದೆ. ಸಾವಿನ ಮನೆಗೆ ಹೋಗುವುದನ್ನು ಇಲ್ಲಿನವರು ‘ಮಣ್ಣಿಗೆ ಹೋಗುವುದು’ ಎಂದೇ ಕರೆಯುತ್ತಾರೆ. ಸುಡುವ ಮನೆತನಗಳಿಗೂ ಈ ಮಾತು ಅನ್ವಯವಾಗುತ್ತದೆ ಎಂಬುದು ಗಮನಾರ್ಹ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯಿದೆ. ತುಮಕೂರಿನ ಸಿದ್ಧಗಂಗೆಯಲ್ಲಿ 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಗದ್ದುಗೆಯಿದೆ. ಈ ಸೀಮೆಯ ಜನ ಅತಿ ಹೆಚ್ಚಾಗಿ ನಡೆದುಕೊಳ್ಳುವ ಎರಡು ಪುಣ್ಯಸ್ಥಳಗಳು ಹೀಗೆ ಸಮಾಧಿಗಳೇ ಆಗಿವೆ. ಇಲ್ಲಿ ಎರಡು ಬಗೆಯ ಸಾವುಗಳನ್ನು ಗುರುತಿಸಬಹುದು. ಒಂದು, ಊರಿನಲ್ಲೇ ಉಳಿದು ಸ್ಥಳವನ್ನು ಪವಿತ್ರಗೊಳಿಸುವ ಸಾವು. ಇನ್ನೊಂದು, ಊರನ್ನು ಬಿಟ್ಟು ನೀರಿನೊಡನೆ ಹೊರಟುಹೋಗುವ ಸಾವು. ಎರಡೂ ಒಂದೇ ಊರಿನಲ್ಲಿ, ಅಕ್ಕಪಕ್ಕದ ಮನೆಗಳಲ್ಲಿ ನಡೆದುಬಂದಿವೆ.

ನೀರಿನ ದಾರಿ

ತುಮಕೂರು ಜಿಲ್ಲೆಯ ನೀರಿನ ವ್ಯವಸ್ಥೆಯಲ್ಲಿ ಒಂದು ವಿಶೇಷವಿದೆ. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಅದೇ ಬೆಟ್ಟಸಾಲಿನ ದಕ್ಷಿಣದಲ್ಲಿ ಹುಟ್ಟುವ ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ದಾಟಿ, ಮದ್ದೂರಿನ ಮೂಲಕ ಸಾಗಿ, ಶಿವನಸಮುದ್ರದ ಕೆಳಗೆ ಕಾವೇರಿಯನ್ನು ಕೂಡುತ್ತದೆ. ಜಿಲ್ಲೆಯ ವಾಯವ್ಯ ಭಾಗದ ನೀರು ವೇದಾವತಿಯ ಮೂಲಕ ಕೃಷ್ಣಾ ಕೊಳ್ಳಕ್ಕೆ ಸಲ್ಲುತ್ತದೆ. ಪಿನಾಕಿನಿ, ಕಾವೇರಿ, ಕೃಷ್ಣಾ ಮೂರೂ ಸೇರುವುದು ಬಂಗಾಳ ಕೊಲ್ಲಿಯನ್ನು. ಅಂದರೆ ಈ ಜಿಲ್ಲೆಯಲ್ಲಿ ಬಿದ್ದ ಮಳೆಯ ಒಂದು ಹನಿಯೂ ತಾನಾಗಿ ಪಡುವಣ ಕಡಲಿಗೆ ಹೋಗುವುದಿಲ್ಲ. ಗೋಕರ್ಣದ ಕಡಲಿಗೆ ಅಸ್ಥಿ ತಲುಪಬೇಕಾದರೆ ಮನುಷ್ಯರೇ ಘಟ್ಟ ಇಳಿದು ಒಯ್ಯಬೇಕು. ಮೂಡಣ ಕಡಲಿಗಾದರೆ ನದಿಯೇ ಒಯ್ಯುತ್ತದೆ.

ಹೀಗಿದ್ದೂ ಗುಬ್ಬಿ, ಕುಣಿಗಲ್ ಕಡೆಯವರು ತಮ್ಮ ಮನೆ ಮುಂದಿನ ಶಿಂಷೆಗೆ ಅಸ್ಥಿ ಬಿಡದೆ ಶ್ರೀರಂಗಪಟ್ಟಣಕ್ಕೆ ಹೋಗುವುದು ಏಕೆ? ಕ್ಷೇತ್ರದ ಮಹಿಮೆ ಒಂದು ಕಾರಣ. ಶ್ರೀರಂಗಪಟ್ಟಣ, ಶಿವನಸಮುದ್ರ, ಶ್ರೀರಂಗಗಳನ್ನು ಆದಿರಂಗ, ಮಧ್ಯರಂಗ, ಅಂತ್ಯರಂಗ ಎಂದು ಕರೆಯುವ ಪರಂಪರೆ ಕಾವೇರಿಯ ಪಯಣವನ್ನೇ ಒಂದು ಯಾತ್ರೆಯನ್ನಾಗಿ ಮಾಡಿದೆ. ಪೂರ್ವಾಭಿಮುಖವಾದ ನದಿ ಅಲ್ಪ ದೂರ ಪಶ್ಚಿಮಕ್ಕೆ ತಿರುಗುವ ಪಶ್ಚಿಮವಾಹಿನಿಗೆ ವಿಶೇಷ ಪುಣ್ಯ ಸಂದಿದೆ. ಆದರೆ ಇನ್ನೊಂದು ಕಾರಣವೂ ಇದೆ. ಅದು ಶಾಸ್ತ್ರದ್ದಲ್ಲ, ಜನಪದರ ಅನುಭವದ್ದು. ಶಿಂಷಾ ವರ್ಷದ ಬಹುಕಾಲ ಬತ್ತಿರುವ ಹೊಳೆ. ಹರಿದಾಗಲೂ ಅದು ಕೆರೆಯಿಂದ ಕೆರೆಗೆ ನಿಂತು ನಿಂತು ಹರಿಯುತ್ತದೆ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಮುಂದಿನ ಕೆರೆಗೆ ನೀರು. ಇಂತಹ ಸರಪಳಿ ಕೆರೆಗಳ ನಾಡಿನಲ್ಲಿ ‘ಹರಿವ ನೀರು’ ಮತ್ತು ‘ನಿಂತ ನೀರು’ ಎಂಬ ವಿಂಗಡಣೆ ಬದುಕಿನ ಪ್ರಶ್ನೆಯೇ ಆಗಿತ್ತು. ನಿಂತ ನೀರು ಕುಡಿಯುವ ನೀರು, ದನಕರುಗಳ ನೀರು, ಗದ್ದೆಯ ನೀರು. ಅದಕ್ಕೆ ಬೂದಿ ಬಿಡಬಾರದು.

ಕೆರೆಯನ್ನು ಕುರಿತ ಜನಪದರ ಭಾವನೆ ಎಷ್ಟು ಗಾಢವೆಂಬುದಕ್ಕೆ ಕುಣಿಗಲ್ ಕೆರೆಯ ಚೆಲುವನ್ನು ಹೊಗಳುವ, ನಾಡಿನಾದ್ಯಂತ ಹಾಡಲ್ಪಡುವ ಗೀತೆಯೇ ಸಾಕ್ಷಿ. ‘ಕೆರೆಗೆ ಹಾರ’ ಕಥನಗೀತೆಯಲ್ಲಿ ಕೆರೆಗೆ ಬಲಿಯಾಗುವ ಸೊಸೆಯ ಹೆಸರು ಭಾಗೀರಥಿ ಎಂಬುದನ್ನೂ ಇಲ್ಲಿ ನೆನೆಯಬಹುದು. ಪುರಾಣದ ಭಗೀರಥ ಗಂಗೆಯನ್ನು ಬೂದಿಯ ಬಳಿಗೆ ಕರೆತಂದ. ಸಗರನ ಮಕ್ಕಳ ಬೂದಿ ನದಿಯನ್ನು ಹುಡುಕಿಕೊಂಡು ಹೋಗಲಿಲ್ಲ. ನದಿಯೇ ಬೂದಿಯನ್ನು ತೋಯಿಸಿ ಸಾಗರವನ್ನು ಸೇರಿತು. ನೀರಿಲ್ಲದ ನಮ್ಮ ಸೀಮೆಯ ಭಾಗೀರಥಿಯಾದರೋ ಕೆರೆಗೆ ನೀರು ತರಲು ತನ್ನನ್ನೇ ಕೊಡಬೇಕಾಯಿತು. ಜೀವವನ್ನೇ ತೆತ್ತು ತುಂಬಿಸಿದ ಕೆರೆಯಲ್ಲಿ ಸತ್ತವರ ಬೂದಿಯನ್ನು ಕಲಸಬಾರದೆಂಬ ಕಟ್ಟುಪಾಡಿನ ಹಿಂದೆ ಇಂತಹ ನೆನಪುಗಳ ಭಾರವಿದೆ.

ರೈಲು, ರಸ್ತೆ ಮತ್ತು ಯಾತ್ರೆ

ದೂರದ ಪುಣ್ಯಜಲಗಳ ಕಲ್ಪನೆ ಈ ಸೀಮೆಗೆ ಹೊಸದಲ್ಲ. ಬಿ. ಎಲ್. ರೈಸ್ ಅವರು ತುಮಕೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೆಯ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದರು. ಕನ್ನಡ ದಾನಶಾಸನಗಳ ಶಾಪಾಶಯಗಳಲ್ಲಿ ಗಂಗೆ, ವಾರಣಾಸಿ, ಕುರುಕ್ಷೇತ್ರಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ಕಂಡರಿಯದ ನದಿಯ ಹೆಸರಿನಲ್ಲಿ ಆಣೆಯಿಡುತ್ತಿದ್ದ ಸಮಾಜವಿದು. ಆದರೆ ಕಾಶಿಗೆ ಹೋಗಬಲ್ಲವರು ಕೆಲವರು ಮಾತ್ರ. ಸಾಮಾನ್ಯರಿಗೆ ಕಾವೇರಿಯೇ ಗಂಗೆಯಾಯಿತು.

ಕಾವೇರಿಯೂ ಎಲ್ಲರಿಗೆ ಹತ್ತಿರವಿರಲಿಲ್ಲ. ಬೆಂಗಳೂರು–ಮೈಸೂರು ರೈಲುಮಾರ್ಗ 1882ರಲ್ಲಿ ಪೂರ್ಣಗೊಂಡಿತು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೂ ಗುಬ್ಬಿಗೂ ರೈಲು ಬಂದಿತು. ಅಲ್ಲಿಂದ ಮುಂದೆ ಗುಬ್ಬಿಯ ಕುಟುಂಬವೊಂದು ಅಸ್ಥಿಯೊಡನೆ ರೈಲಿನಲ್ಲೇ ಶ್ರೀರಂಗಪಟ್ಟಣವನ್ನು ತಲುಪುವುದು ಸಾಧ್ಯವಾಯಿತು. ಪಶ್ಚಿಮವಾಹಿನಿಯ ಬಳಿಯೇ ರೈಲುಮಾರ್ಗ ಕಾವೇರಿಯನ್ನು ದಾಟುತ್ತದೆ. ಇಂದು ಬಹುತೇಕರು ಕುಣಿಗಲ್, ಹುಲಿಯೂರುದುರ್ಗ, ಮದ್ದೂರಿನ ರಸ್ತೆಯಲ್ಲಿ ಹೋಗುತ್ತಾರೆ. ರೈಲಿನಲ್ಲಿ ಹೋದರೂ ರಸ್ತೆಯಲ್ಲಿ ಹೋದರೂ ಮದ್ದೂರಿನಲ್ಲಿ ಶಿಂಷೆಯನ್ನು ದಾಟಲೇಬೇಕು. ಊರಿನ ಹೊಳೆಯನ್ನು ಬಿಟ್ಟು ಹೊರಟವರಿಗೆ ಅದೇ ಹೊಳೆ ದಾರಿಯಲ್ಲಿ ಅಡ್ಡ ಬರುತ್ತದೆ.

1948ರಲ್ಲಿ ಮಹಾತ್ಮ ಗಾಂಧಿಯವರ ಚಿತಾಭಸ್ಮದ ಒಂದು ಭಾಗವನ್ನು ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಬಿಡಲಾಯಿತು. ಅದರ ಸ್ಮರಣೆಗಾಗಿ ಫೆಬ್ರುವರಿ 12ರಂದು ಅಲ್ಲಿ ಸರ್ವೋದಯ ಮೇಳ ನಡೆದುಬಂದಿದೆ. ಗಾಂಧೀಜಿಯವರ ಅಸ್ಥಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಬೇರೆ ಬೇರೆಯವರ ಬಳಿ ಉಳಿದಿದ್ದ ಭಾಗಗಳನ್ನು 2008ರ ಜನವರಿ 30ರಂದು ಮುಂಬಯಿಯ ಗಿರಗಾಂವ್ ಚೌಪಾಟಿಯ ಕಡಲಿನಲ್ಲಿಯೂ 2010ರ ಜನವರಿ 30ರಂದು ದಕ್ಷಿಣ ಆಫ್ರಿಕದ ಡರ್ಬನ್ ತೀರದ ಕಡಲಿನಲ್ಲಿಯೂ ವಿಸರ್ಜಿಸಲಾಯಿತು. ಧಾರ್ಮಿಕ ವಿಧಿಗಳಲ್ಲಿ ನಂಬಿಕೆಯಿಲ್ಲದ ಜವಾಹರಲಾಲ್ ನೆಹರೂ ಅವರೂ ತಮ್ಮ ಬೂದಿಯ ಒಂದು ಹಿಡಿಯನ್ನು ಗಂಗೆಗೆ ಬಿಡಬೇಕೆಂದೂ ಅದು ಭಾರತದ ತೀರವನ್ನು ತೊಳೆಯುವ ಸಮುದ್ರವನ್ನು ಸೇರಬೇಕೆಂದೂ ಉಯಿಲಿನಲ್ಲಿ ಬಯಸಿದ್ದರು. ನಂಬುವವರಿಗೂ ನಂಬದವರಿಗೂ ನದಿಯೆಂದರೆ ಕಡಲಿನ ಬಾಗಿಲು.

ಒಂದು ಮನೆಯ ಅನುಭವ

ಈ ವಿಷಯವನ್ನು ನಾನು ಕ್ಷೇತ್ರಕಾರ್ಯದಲ್ಲಿ ಮಾತ್ರವಲ್ಲದೆ ನಮ್ಮ ಮನೆಯಲ್ಲಿಯೇ ಎದುರಿಸಬೇಕಾಯಿತು. ನಮ್ಮ ತಾಯಿಯ ತವರು ಕುಣಿಗಲ್ ಕಡೆ, ಸೇರಿದ ಮನೆ ಗುಬ್ಬಿ ಕಡೆ. ಅವರ ಆಯುಷ್ಯವೆಲ್ಲ ಶಿಂಷೆಯ ಆಚೀಚೆಯಲ್ಲೇ ಕಳೆಯಿತು. ಕಡಲನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ನೋಡಬೇಕೆಂಬ ಆಸೆಯನ್ನು ಮಾತ್ರ ನನ್ನ ತಂಗಿಯ ಬಳಿ ಹೇಳಿಕೊಂಡಿದ್ದರು. ಅವರು ತೀರಿಕೊಂಡಾಗ ತಂಗಿ ಅಸ್ಥಿಯನ್ನು ಗೋಕರ್ಣದ ಕಡಲಿಗೇ ಬಿಡಬೇಕೆಂದು ಹಟ ಹಿಡಿದಳು. ನಮ್ಮ ದೊಡ್ಡಪ್ಪ ಒಪ್ಪಲಿಲ್ಲ. “ಹೊಳೆಗೆ ಬಿಟ್ರೆ ಸಾಕು ಕಣವ್ವ, ಕಡ್ಲಿಗೆ ಅದೇ ಕರ್ಕೊಂಡ್ ಹೋಯ್ತದೆ” ಎಂದರು. ಹೆಣ್ಣುಮಕ್ಕಳು ಹೊಳೆಗೆ ಬರುವ ಪದ್ಧತಿ ನಮ್ಮಲ್ಲಿರಲಿಲ್ಲ. ತಂಗಿ ಗೋಕರ್ಣವನ್ನು ಬಿಟ್ಟುಕೊಟ್ಟಳು, ಆದರೆ ತಾನೂ ಬರುತ್ತೇನೆ ಎಂದಳು. ಬಂದಳು. ಮದ್ದೂರಿನ ಸೇತುವೆಯ ಮೇಲೆ ದೊಡ್ಡಪ್ಪ ಗಾಡಿ ನಿಲ್ಲಿಸಲು ಹೇಳಿ ಶಿಂಷೆಗೆ ಒಂದು ಕಾಸು ಹಾಕಿ ಕೈಮುಗಿದರು.

ಅದು ಬೇಸಿಗೆ. ಪಶ್ಚಿಮವಾಹಿನಿಯಲ್ಲಿ ನೀರು ಬಂಡೆಗಳ ನಡುವೆ ತೆಳ್ಳಗೆ ಸರಿಯುತ್ತಿತ್ತು. ಹಿಂದಿನವರು ಬಿಟ್ಟುಹೋದ ಬಟ್ಟೆ, ಮಡಕೆಯ ಚೂರು, ಪ್ಲಾಸ್ಟಿಕ್ ಚೀಲಗಳು ದಡಕ್ಕೆ ಅಂಟಿದ್ದವು. ತಾಯಿಯ ಅಸ್ಥಿಯನ್ನು ಬಿಟ್ಟಾಗ ಬೂದಿ ಸ್ವಲ್ಪ ದೂರ ಬಿಳಿಯ ಗೆರೆಯಾಗಿ ಸಾಗಿತು. ಮೂಳೆಯ ಚೂರುಗಳು ಕಣ್ಣೆದುರೇ ತಳ ಸೇರಿದವು. “ಇದು ಕಡಲಿಗೆ ಹೋಗುತ್ತದೆಯೇ?” ಎಂದು ತಂಗಿ ಕೇಳಿದಳು. ನಾನು ಹೌದು ಎಂದೆ. ಆ ಉತ್ತರ ನಿಜವೇ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ.

ನದಿ ಕೆರೆಯಾದ ಬಗೆ

ವಸ್ತುಸ್ಥಿತಿಯನ್ನು ನೋಡೋಣ. ಸುಟ್ಟ ಮೂಳೆಯ ಬಹುಭಾಗ ಕ್ಯಾಲ್ಸಿಯಂ ಫಾಸ್ಫೇಟ್. ಅದು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ; ಪ್ರವಾಹದ ಬಲವಿದ್ದರೆ ಮಾತ್ರ ಮುಂದೆ ಸಾಗುತ್ತದೆ. ಕೊಡಗಿನಿಂದ ಪೂಂಪುಹಾರಿನವರೆಗೆ ಕಾವೇರಿಯ ಉದ್ದ ಸುಮಾರು 800 ಕಿ.ಮೀ. ಶ್ರೀರಂಗಪಟ್ಟಣದ ಮೇಲೆ ಕೃಷ್ಣರಾಜಸಾಗರವಿದೆ. ಪಶ್ಚಿಮವಾಹಿನಿಯ ಹರಿವು ಅಣೆಕಟ್ಟೆಯ ಬಾಗಿಲುಗಳನ್ನು ಅವಲಂಬಿಸಿದೆ. ಕೆಳಗೆ 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟಿದೆ. ಮುಂದೆ ಕಲ್ಲಣೆಯಿಂದ ನೀರು ನಾಲೆಗಳಿಗೆ ಹಂಚಿಹೋಗುತ್ತದೆ. ನದಿಯ ನೀರೆಲ್ಲ ಈಗ ಲೆಕ್ಕದ ನೀರು. ಕಾವೇರಿ ವಿವಾದದಲ್ಲಿ 2018ರ ಫೆಬ್ರುವರಿ 16ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪು ತಮಿಳುನಾಡಿಗೆ ಬಿಡಬೇಕಾದ ನೀರನ್ನು ವರ್ಷಕ್ಕೆ 177.25 ಟಿಎಂಸಿ ಎಂದು ನಿಗದಿಪಡಿಸಿತು. ಒಂದು ಕಾಲದಲ್ಲಿ ಹರಿವ ನೀರಿಗೆ ಮಾದರಿಯಾಗಿದ್ದ ಕಾವೇರಿ, ಶಿಂಷೆಯಂತೆಯೇ, ಒಂದರ ಕೋಡಿ ಇನ್ನೊಂದಕ್ಕೆ ಬೀಳುವ ದೊಡ್ಡ ಸರಪಳಿ ಕೆರೆಯಾಗಿದೆ.

ಹೇಮಾವತಿಯ ನಾಲೆಯ ಮೂಲಕ ಕಾವೇರಿ ಕೊಳ್ಳದ ನೀರು ತುಮಕೂರಿಗೇ ಬಂದಿರುವುದು ಇನ್ನೊಂದು ಬದಲಾವಣೆ. ತುಮಕೂರು ನಗರ ಕುಡಿಯುವುದು ಆ ನೀರನ್ನು. ಕುಣಿಗಲ್‌ಗೆ ನೇರ ಸಂಪರ್ಕ ನಾಲೆ ತೆಗೆಯುವ ಯೋಜನೆಯ ವಿರುದ್ಧ 2025ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. ನದಿ ಬೂದಿಯ ಬಳಿಗೆ ಬಂದಿದೆ, ಭಗೀರಥನ ಕಥೆಯಂತೆ; ಆದರೆ ಅದು ಬದುಕಿರುವವರ ಬಾಯಾರಿಕೆಗಾಗಿ ಬಂದ ನೀರು.

ಕೋವಿಡ್ ಕಾಲ ಈ ಪ್ರಶ್ನೆಯನ್ನು ಇನ್ನಷ್ಟು ಕಠಿಣವಾಗಿ ಮುಂದಿಟ್ಟಿತು. ವಾರಸುದಾರರು ಪಡೆಯದೆ ಉಳಿದಿದ್ದ ಐನೂರಕ್ಕೂ ಹೆಚ್ಚು ಜನರ ಅಸ್ಥಿಯನ್ನು 2021ರ ಜೂನ್ 2ರಂದು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ರಾಜ್ಯ ಸರ್ಕಾರವೇ ವಿಸರ್ಜಿಸಿತು. ಮಗನ ಕರ್ತವ್ಯವನ್ನು ಸರ್ಕಾರ ನೆರವೇರಿಸಿದ ಈ ಸಂದರ್ಭದಲ್ಲಿ ಜಾತಿ, ಗೋತ್ರ, ಊರು ಯಾವುದೂ ಉಳಿಯಲಿಲ್ಲ. ಹರಿವ ನೀರೊಂದೇ ಉಳಿಯಿತು. ಸಂಪ್ರದಾಯದ ತಿರುಳು ಯಾವುದು ಎಂಬುದನ್ನು ಆ ದಿನ ತೋರಿಸಿಕೊಟ್ಟಿತು ಎಂದು ನನಗನ್ನಿಸುತ್ತದೆ.

ಸಮಾರೋಪ

ಒಟ್ಟಾರೆಯಾಗಿ ಈ ಸೀಮೆಯ ಅಸ್ಥಿ ವಿಸರ್ಜನೆಯ ಸಂಪ್ರದಾಯ ಎರಡು ತಿಳಿವಳಿಕೆಗಳ ಮೇಲೆ ನಿಂತಿದೆ. ಹರಿವ ನೀರು ಸತ್ತವರನ್ನು ಕಡಲಿಗೆ ಮುಟ್ಟಿಸುತ್ತದೆ ಎಂಬುದು ಒಂದು. ನಿಂತ ನೀರು ಬದುಕಿರುವವರದು, ಅದನ್ನು ಕೆಡಿಸಬಾರದು ಎಂಬುದು ಇನ್ನೊಂದು. ಮೊದಲನೆಯದನ್ನು ನಾವು ಇಂದಿಗೂ ಪಾಲಿಸುತ್ತಿದ್ದೇವೆ; ಎರಡನೆಯದನ್ನು ಮರೆತಿದ್ದೇವೆ. ನದಿಯೇ ಕೆರೆಯಾಗಿರುವಾಗ ಕೆರೆಯ ಕಟ್ಟುಪಾಡು ನದಿಗೂ ಸಲ್ಲಬೇಕು. ಬಟ್ಟೆ, ಮಡಕೆ, ಪ್ಲಾಸ್ಟಿಕ್ ಯಾವುದೂ ಇಲ್ಲದೆ ಒಂದು ಹಿಡಿ ಬೂದಿಯನ್ನಷ್ಟೇ, ಹರಿವು ಇರುವ ಕಾಲದಲ್ಲಿ ಬಿಡುವುದು ಸಂಪ್ರದಾಯಕ್ಕೆ ವಿರುದ್ಧವಲ್ಲ, ಅದರ ಮೂಲ ಆಶಯಕ್ಕೆ ಮರಳುವುದಾಗಿದೆ. ಉಳಿದುದನ್ನು ತಮ್ಮ ಹೊಲದ ಮಣ್ಣಿಗೆ ಸೇರಿಸುವುದೂ ಈ ನೆಲಕ್ಕೆ ಅಪರಿಚಿತವಲ್ಲ. ಗದ್ದುಗೆಗಳ ನಾಡು ಇದು.

ನಮ್ಮ ತಾಯಿ ತೀರಿಕೊಂಡ ವರ್ಷದ ಮಳೆಗಾಲದಲ್ಲಿ ಕೃಷ್ಣರಾಜಸಾಗರ ತುಂಬಿ ನೀರು ಬಿಟ್ಟ ಸುದ್ದಿ ಬಂದಾಗ ತಂಗಿ ದೂರವಾಣಿ ಮಾಡಿ, “ಈಗ ಹೊರಟಿರುತ್ತಾಳೆ ಅಲ್ಲವೇ?” ಎಂದು ಕೇಳಿದಳು. ಈ ಬಾರಿ ಹೌದು ಎನ್ನಲು ನನಗೆ ಅನುಮಾನವಿರಲಿಲ್ಲ.