ಹಳೆಯ ಗೇಮಿಂಗ್ ಕಂಪ್ಯೂಟರ್‌ಗೆ ಹೊಸ ಬಲ: ಮೊದಲ ಖರ್ಚು ಯಾವುದಕ್ಕೆ?

ಏಳೆಂಟು ವರ್ಷಗಳ ಹಿಂದೆ ಮನೆಯವರನ್ನು ಒಪ್ಪಿಸಿ ಕೊಂಡ ಗೇಮಿಂಗ್ ಕಂಪ್ಯೂಟರ್ ಇಂದಿನ ಆಟಗಳ ಮುಂದೆ ಏದುಸಿರು ಬಿಡುತ್ತದೆ. ಪೂರ್ತಿ ಹೊಸ ಯಂತ್ರ ಕೊಳ್ಳುವಷ್ಟು ಹಣವಿಲ್ಲ; ಇರುವುದನ್ನು ಗುಜರಿಗೆ ಹಾಕಲು ಮನಸ್ಸಿಲ್ಲ. ಇಂಥ ಸಂದರ್ಭದಲ್ಲಿ ಹಲವರು ಕೈಯಲ್ಲಿರುವ ಹಣವನ್ನೆಲ್ಲ ಒಂದು ಗ್ರಾಫಿಕ್ಸ್ ಕಾರ್ಡ್‌ಗೆ ಸುರಿದುಬಿಡುತ್ತಾರೆ. ಆಟ ಮಾತ್ರ ಮೊದಲಿನಂತೆಯೇ ತಡವರಿಸುತ್ತದೆ. ಕಂಪ್ಯೂಟರ್‌ನ ಓಟಕ್ಕೆ ಮಿತಿ ಹಾಕುವುದು ಅದರೊಳಗಿನ ಅತ್ಯಂತ ದುರ್ಬಲ ಭಾಗ. ಅದು ಯಾವುದೆಂದು ಅರಿಯದೆ ಮಾಡುವ ಖರ್ಚು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ದೋಷ ಎಲ್ಲಿದೆ?

ಇದನ್ನು ಪತ್ತೆ ಮಾಡಲು ತಂತ್ರಜ್ಞರ ನೆರವು ಬೇಕಿಲ್ಲ. ಆಟ ನಡೆಯುತ್ತಿರುವಾಗ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಸಾಕು. ಗ್ರಾಫಿಕ್ಸ್ ಕಾರ್ಡ್‌ನ ಬಳಕೆ ಶೇ 95ಕ್ಕಿಂತ ಹೆಚ್ಚಿದ್ದರೆ ಮಿತಿ ಇರುವುದು ಅಲ್ಲಿಯೇ. ಕಾರ್ಡ್ ಶೇ 60ರ ಆಸುಪಾಸಿನಲ್ಲಿ ವಿರಾಮವಾಗಿದ್ದೂ ಆಟ ತಡವರಿಸಿದರೆ ಪ್ರೊಸೆಸರ್ ಮೇಲೆ ಅನುಮಾನಪಡಬೇಕು. ರ್ಯಾಮ್ ತುಂಬಿ, ಹಾರ್ಡ್ ಡಿಸ್ಕ್ ಶೇ 100 ತೋರಿಸಿದರೆ ಸಮಸ್ಯೆ ಬೇರೆಯದೇ. ಇನ್ನೊಂದು ಸರಳ ಪರೀಕ್ಷೆಯೂ ಇದೆ. ಆಟದ ರೆಸಲ್ಯೂಷನ್ ಅನ್ನು 1280x720ಕ್ಕೆ ಇಳಿಸಿದಾಗ ವೇಗ ಏರಿದರೆ ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕು; ಏರದಿದ್ದರೆ ಹೊಸ ಕಾರ್ಡ್ ತಂದರೂ ಹೆಚ್ಚಿನ ಪ್ರಯೋಜನವಿಲ್ಲ.

ಹಣ ಬಿಚ್ಚುವ ಮುನ್ನ

ಕೆಲವು ಕೆಲಸಗಳಿಗೆ ಖರ್ಚೇ ಇಲ್ಲ. ಕ್ಯಾಬಿನೆಟ್ ಬಿಚ್ಚಿ ಫ್ಯಾನ್‌ಗಳ ಧೂಳು ತೆಗೆಯುವುದು, ಪ್ರೊಸೆಸರ್ ಮೇಲೆ ಒಣಗಿದ ಥರ್ಮಲ್ ಪೇಸ್ಟ್ ಬದಲಿಸುವುದು ಮೊದಲ ಹೆಜ್ಜೆ. ಬಿಸಿ ಏರಿದಾಗ ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಬಯಾಸ್‌ನಲ್ಲಿ ರ್ಯಾಮ್‌ನ ಎಕ್ಸ್‌ಎಂಪಿ ಸೌಲಭ್ಯ ಚಾಲೂ ಇದೆಯೇ, ಮಾನಿಟರ್‌ನ ಕೇಬಲ್ ಮದರ್‌ಬೋರ್ಡ್‌ಗಲ್ಲದೆ ಕಾರ್ಡ್‌ಗೇ ಜೋಡಣೆಯಾಗಿದೆಯೇ ಎಂಬುದನ್ನೂ ನೋಡಬೇಕು. ಎಎಂಡಿ ಕಂಪನಿಯ ಎಫ್‌ಎಸ್‌ಆರ್ ತಂತ್ರದ ಮೊದಲ ಆವೃತ್ತಿಗಳು (2021, 2022) ಬೇರೆ ಕಂಪನಿಯ ಹಳೆಯ ಕಾರ್ಡ್‌ಗಳಲ್ಲೂ ಕೆಲಸ ಮಾಡುತ್ತವೆ. ಕಡಿಮೆ ರೆಸಲ್ಯೂಷನ್‌ನಲ್ಲಿ ಚಿತ್ರ ರಚಿಸಿ ಅದನ್ನು ಹಿಗ್ಗಿಸಿ ತೋರಿಸುವ ಈ ತಂತ್ರವಿರುವ ಆಟಗಳಲ್ಲಿ ಕಾರ್ಡ್‌ನ ಹೊರೆ ಇಳಿಯುತ್ತದೆ.

ಡಿಸ್ಕ್ ಮತ್ತು ರ್ಯಾಮ್

ಇನ್ನೂ ಹಾರ್ಡ್ ಡಿಸ್ಕ್‌ನಲ್ಲೇ ಆಟವಿದ್ದರೆ ಮೊದಲ ಖರ್ಚು ಎಸ್‌ಎಸ್‌ಡಿಗೆ ಸಲ್ಲಬೇಕು. ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100ರಿಂದ 200 ಎಂಬಿ ಓದಿದರೆ, ಸಾಟಾ ಎಸ್‌ಎಸ್‌ಡಿ 550 ಎಂಬಿಯವರೆಗೆ ಓದುತ್ತದೆ. 2023ರಲ್ಲಿ ಬಂದ ಸ್ಟಾರ್‌ಫೀಲ್ಡ್ ಆಟದ ಕನಿಷ್ಠ ಅಗತ್ಯಗಳ ಪಟ್ಟಿಯಲ್ಲೇ ಎಸ್‌ಎಸ್‌ಡಿ ಇದೆ. ರ್ಯಾಮ್ 8 ಜಿಬಿ ಇದ್ದರೆ 16 ಜಿಬಿಗೆ ಏರಿಸುವುದು ಲೇಸು. ಒಂದೇ ಪಟ್ಟಿಗಿಂತ ಜೋಡಿ ಪಟ್ಟಿ ಉತ್ತಮ. ಎರಡು ಚಾನೆಲ್‌ಗಳಲ್ಲಿ ದತ್ತಾಂಶ ಹರಿಯುತ್ತದೆ. ಆದರೆ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ರ್ಯಾಮ್ ಬೆಲೆ ತೀವ್ರವಾಗಿ ಏರಿತು. ಹೀಗಾಗಿ ಈಗಿರುವ ರ್ಯಾಮ್ ಉಳಿಸಿಕೊಳ್ಳುವ ದಾರಿಗೆ ಬೆಲೆ ಬಂದಿದೆ.

ಒಂದೇ ವಯಸ್ಸು, ಎರಡು ಹಣೆಬರಹ

ಪ್ರೊಸೆಸರ್ ವಿಚಾರದಲ್ಲಿ ಕೊನೆಯ ಮಾತು ಮದರ್‌ಬೋರ್ಡ್‌ನದು. 2017ರಲ್ಲಿ ಕೊಂಡ ಎರಡು ಯಂತ್ರಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಂದರಲ್ಲಿ ಇಂಟೆಲ್‌ನ ಕೋರ್ ಐ5-7400, ಇನ್ನೊಂದರಲ್ಲಿ ಎಎಂಡಿಯ ರೈಜನ್ 5 1600.

ಇಂಟೆಲ್ ಯಂತ್ರದ ಸಾಕೆಟ್ ಎಲ್‌ಜಿಎ 1151. ಅದೇ ವರ್ಷದ ಕೊನೆಗೆ ಬಂದ ಎಂಟನೇ ತಲೆಮಾರಿನ ಪ್ರೊಸೆಸರ್‌ಗಳಿಗೂ ಅಷ್ಟೇ ಪಿನ್‌ಗಳಿದ್ದವು. ಆದರೆ ಅವುಗಳಿಗೆ 300 ಸರಣಿಯ ಹೊಸ ಮದರ್‌ಬೋರ್ಡ್ ಕಡ್ಡಾಯವಾಯಿತು. ಆದ್ದರಿಂದ ಹಳೆಯ ಬೋರ್ಡ್‌ನಲ್ಲಿ ನಾಲ್ಕು ಕೋರ್‌ಗಳ ಐ7-7700 ತಲುಪುವಷ್ಟರಲ್ಲಿ ದಾರಿ ಬಹುತೇಕ ಮುಗಿಯುತ್ತದೆ. ಅದೂ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ.

ರೈಜನ್ ಯಂತ್ರದ ಎಎಂ4 ಸಾಕೆಟ್ ಹಾಗಲ್ಲ. 2022ರಲ್ಲಿ ಎಎಂಡಿ ತನ್ನ 5000 ಸರಣಿಯ ಪ್ರೊಸೆಸರ್‌ಗಳಿಗೆ 300 ಸರಣಿಯ ಬೋರ್ಡ್‌ಗಳಲ್ಲೂ ಅವಕಾಶ ಕೊಟ್ಟಿತು. ಹೀಗಾಗಿ ಬಿ350 ಬೋರ್ಡ್ ಉಳ್ಳವರು ಅದೇ ಡಿಡಿಆರ್4 ರ್ಯಾಮ್ ಉಳಿಸಿಕೊಂಡು ರೈಜನ್ 5 5600 ಹಾಕಬಹುದು. ಇದು ವಿಂಡೋಸ್ 11ರ ಪಟ್ಟಿಯಲ್ಲೂ ಇದೆ. ಬೋರ್ಡ್ ತಯಾರಕರು ಅದಕ್ಕೆ ಬೇಕಾದ ಬಯಾಸ್ ಬಿಡುಗಡೆ ಮಾಡಿದ್ದಾರೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಹಳೆಯ ಪ್ರೊಸೆಸರ್ ತೆಗೆಯುವ ಮುನ್ನವೇ ಬಯಾಸ್ ನವೀಕರಿಸಬೇಕು. ಇಲ್ಲವಾದರೆ ಪರದೆಯ ಮೇಲೆ ಏನೂ ಮೂಡದು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಈ ವ್ಯತ್ಯಾಸ ಆಟಕ್ಕಷ್ಟೇ ಸೀಮಿತವಲ್ಲ, ಯಂತ್ರದ ಸುರಕ್ಷತೆಗೂ ಸಂಬಂಧಿಸಿದೆ.

ಗ್ರಾಫಿಕ್ಸ್ ಕಾರ್ಡ್: ವೇಗವೊಂದೇ ಸಾಲದು

2016ರ ಜಿಟಿಎಕ್ಸ್ 1060 ಇಂದಿಗೂ ಅನೇಕ ಮನೆಗಳಲ್ಲಿ ದುಡಿಯುತ್ತಿದೆ. ಆದರೆ 2024ರ ಡಿಸೆಂಬರ್‌ನಲ್ಲಿ ಬಂದ 'ಇಂಡಿಯಾನಾ ಜೋನ್ಸ್ ಅಂಡ್ ದಿ ಗ್ರೇಟ್ ಸರ್ಕಲ್', 2025ರ 'ಡೂಮ್: ದಿ ಡಾರ್ಕ್ ಏಜಸ್' ಆಟಗಳಿಗೆ ರೇ ಟ್ರೇಸಿಂಗ್ ಯಂತ್ರಾಂಶವುಳ್ಳ ಕಾರ್ಡ್ ಕಡ್ಡಾಯ. ಆದ್ದರಿಂದ ಅಗ್ಗವಾಗಿ ಸಿಕ್ಕಿತೆಂದು ಈ ಸೌಲಭ್ಯವಿಲ್ಲದ ಹಳೆಯ ಕಾರ್ಡ್ ಕೊಂಡರೆ ಕೆಲವು ಹೊಸ ಆಟಗಳ ಬಾಗಿಲು ಮುಚ್ಚಿದಂತೆಯೇ. 2021ರ ರೇಡಿಯಾನ್ ಆರ್‌ಎಕ್ಸ್ 6600ರಲ್ಲಿ 8 ಜಿಬಿ ಮೆಮೊರಿ ಇದ್ದು, ಇಂಡಿಯಾನಾ ಜೋನ್ಸ್ ಆಟದ ಕನಿಷ್ಠ ಪಟ್ಟಿಯಲ್ಲಿ ಅದರ ಹೆಸರಿದೆ. 2022ರ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡ್ ಪಿಸಿಐ ಎಕ್ಸ್‌ಪ್ರೆಸ್‌ನ ನಾಲ್ಕು ಲೇನ್‌ಗಳನ್ನಷ್ಟೇ ಬಳಸುತ್ತದೆ. 3.0 ಆವೃತ್ತಿಯ ಹಳೆಯ ಬೋರ್ಡ್‌ಗಳಲ್ಲಿ ಅದರ ಸಾಮರ್ಥ್ಯ ಕುಗ್ಗುತ್ತದೆ. ಹಳೆಯ ಯಂತ್ರದವರು ಇದನ್ನು ಗಮನಿಸಲೇಬೇಕು.

ಎಸ್‌ಎಂಪಿಎಸ್ ಮರೆಯಬಾರದು

ಕ್ಯಾಬಿನೆಟ್‌ನೊಂದಿಗೆ ಉಚಿತವಾಗಿ ಬಂದ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಎಂದು ಬರೆದಿದ್ದ ಮಾತ್ರಕ್ಕೆ ಅಷ್ಟು ಶಕ್ತಿ ಸಿಕ್ಕೇ ಸಿಗುತ್ತದೆಂದು ನಂಬುವಂತಿಲ್ಲ. ಆರ್‌ಎಕ್ಸ್ 6600 ಕಾರ್ಡ್ 132 ವ್ಯಾಟ್ ಬೇಡುತ್ತದೆ; ಅದಕ್ಕೆ ಎಂಟು ಪಿನ್ ಸಂಪರ್ಕವೂ ಅಗತ್ಯ. ಕಳಪೆ ಎಸ್‌ಎಂಪಿಎಸ್ ಕೈಕೊಟ್ಟಾಗ ತನ್ನೊಂದಿಗೆ ಕಾರ್ಡ್, ಬೋರ್ಡ್‌ಗಳನ್ನೂ ಕೆಡಿಸಬಲ್ಲದು. ಇಲ್ಲಿ ಉಳಿಸಿದ ಹಣ ಉಳಿತಾಯವೆನಿಸದು.

ಸೆಕೆಂಡ್ ಹ್ಯಾಂಡ್ ಮಾಲು

2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ನಾಣ್ಯದ ಮೈನಿಂಗ್ ನಿಂತ ಬಳಿಕ ಹಗಲಿರುಳು ದುಡಿದ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೂ, ಪರಿಚಿತರಿಂದ ಕೊಂಡರೂ ಎಚ್ಚರಿಕೆ ಒಂದೇ: ಅರ್ಧ ಗಂಟೆ ಆಟ ಓಡಿಸಿ ಉಷ್ಣತೆ, ಫ್ಯಾನ್ ಸದ್ದು ಪರಿಶೀಲಿಸಬೇಕು, ಕಾರ್ಡ್‌ನ ಸೀರಿಯಲ್ ಸಂಖ್ಯೆಯನ್ನು ಬಿಲ್‌ನೊಂದಿಗೆ ತಾಳೆ ನೋಡಬೇಕು. ಪ್ರೊಸೆಸರ್ ಮತ್ತು ರ್ಯಾಮ್ ಹಳೆಯದಾದರೂ ಅಪಾಯ ಕಡಿಮೆ. ಎಸ್‌ಎಂಪಿಎಸ್ ಮತ್ತು ಡಿಸ್ಕ್ ಮಾತ್ರ ಹೊಸದೇ ಇರಲಿ.

ಎಲ್ಲಿ ನಿಲ್ಲಿಸಬೇಕು?

ಪ್ರತಿ ಖರ್ಚಿಗೂ ಒಂದು ಪ್ರಶ್ನೆ ಹಾಕಿಕೊಳ್ಳಬೇಕು: ಈ ಭಾಗ ಮುಂದಿನ ಕಂಪ್ಯೂಟರ್‌ಗೂ ಬರುತ್ತದೆಯೇ? ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಗ್ರಾಫಿಕ್ಸ್ ಕಾರ್ಡ್ ಬರುತ್ತವೆ. ಡಿಡಿಆರ್3 ರ್ಯಾಮ್, ಏಳನೇ ತಲೆಮಾರಿನ ಐ7 ಬರುವುದಿಲ್ಲ. ಆದ್ದರಿಂದ ಆ ಇಂಟೆಲ್ ಯಂತ್ರದ ಒಡೆಯರು ಮೊದಲ ಮೂರನ್ನು ಕೊಂಡು ಅಲ್ಲಿಗೆ ನಿಲ್ಲಿಸಿ, ಮಿಕ್ಕ ಹಣವನ್ನು ಹೊಸ ಬೋರ್ಡ್‌ಗೆಂದು ಕೂಡಿಡುವುದು ಜಾಣತನ. ರೈಜನ್ ಯಂತ್ರದವರು ಪ್ರೊಸೆಸರನ್ನೂ ಬದಲಿಸಿ ಇನ್ನಷ್ಟು ವರ್ಷ ನಿಶ್ಚಿಂತರಾಗಿರಬಹುದು.